ಎರಡು ನಿವೇದನೆಗಳ ನಡುವೆ: ಸೆರೆಮನೆಯ ಗುರು ಫ್ರೀಡ್ರಿಕ್ ಸ್ಪೇ

1628ರ ಜುಲೈ 24ರ ದಿನಾಂಕವಿರುವ ಒಂದು ಪತ್ರ ಜರ್ಮನಿಯ ಬಾಂಬೆರ್ಗ್ ನಗರದಲ್ಲಿ ಇಂದಿಗೂ ಉಳಿದಿದೆ. ಅದನ್ನು ಬರೆದವನು ಯೊಹಾನ್ನೆಸ್ ಯೂನಿಯುಸ್, ಆ ನಗರದ ಪುರಾಧ್ಯಕ್ಷರಲ್ಲೊಬ್ಬನಾಗಿದ್ದವನು, ಐವತ್ತೈದರ ಪ್ರಾಯದವನು. ಅವನ ಹೆಂಡತಿಯನ್ನು ಮಾಟಗಾತಿಯೆಂದು ಅದಾಗಲೇ ಕೊಂದಾಗಿತ್ತು. ಮಾಟಗಾರರ ಕೂಟದಲ್ಲಿ ಸೇರಿದ್ದನೆಂಬ ಆರೋಪದ ಮೇಲೆ ಅವನನ್ನೂ ಸೆರೆಯಲ್ಲಿಟ್ಟಿದ್ದರು. ಹೆಬ್ಬೆರಳುಗಳನ್ನು ತಿರುಪಿನ ಇಕ್ಕಳದಲ್ಲಿ ಜಜ್ಜಿದ್ದರಿಂದ ಕೈ ಸ್ವಾಧೀನದಲ್ಲಿರಲಿಲ್ಲ. ಆದುದರಿಂದ ಮಗಳು ವೆರೋನಿಕಾಳಿಗೆ ಈ ಪತ್ರವನ್ನು ಹಲವು ದಿನಗಳ ಕಾಲ ತುಸುತುಸುವಾಗಿ ಬರೆದ. ತಾನು ನಿರಪರಾಧಿಯೆಂದೂ ಯಾತನೆಯನ್ನು ತಾಳಲಾರದೆ ಕಥೆಯೊಂದನ್ನು ಕಟ್ಟಿ ಹೇಳಬೇಕಾಯಿತೆಂದೂ ಅದರಲ್ಲಿದೆ. ಏನನ್ನಾದರೂ ಕಲ್ಪಿಸಿ ಹೇಳಿಬಿಡುವಂತೆ ಅವನನ್ನು ಬೇಡಿಕೊಂಡವನು ಯಾತನೆ ಕೊಡುತ್ತಿದ್ದ ವಧಕನೇ.

ಈ ಪತ್ರದಲ್ಲಿ ಓದುಗರ ಗಮನ ಅಷ್ಟಾಗಿ ಹರಿಯದ ಒಂದು ಸಂಗತಿಯಿದೆ. ಚಿತ್ರಹಿಂಸೆಯ ನಡುವೆ ಯೂನಿಯುಸ್ ಎರಡನ್ನು ಕೇಳಿಕೊಂಡ: ಯೋಚಿಸಲು ಒಂದು ದಿನದ ಬಿಡುವು ಮತ್ತು ಒಬ್ಬ ಗುರು. ಬಿಡುವನ್ನು ಕೊಟ್ಟರು; ಗುರುವನ್ನು ಕೊಡಲಿಲ್ಲ. ಆಗ ಅವನು ಮನಸ್ಸಿನಲ್ಲಿಯೇ ಒಂದು ನಿರ್ಧಾರಕ್ಕೆ ಬಂದ. ನ್ಯಾಯಾಧಿಕಾರಿಗಳ ಮುಂದೆ ಬಾಯಿಮಾತಿಗೆ ಸುಳ್ಳನ್ನು ಒಪ್ಪಿಕೊಳ್ಳುವುದು, ಆ ಸುಳ್ಳನ್ನು ಮುಂದೆ ಗುರುವಿನ ಬಳಿ ಪಾಪವೆಂದು ನಿವೇದಿಸಿಕೊಳ್ಳುವುದು, ಬಲವಂತ ಮಾಡಿದವರೇ ಅದಕ್ಕೆ ದೇವರಲ್ಲಿ ಉತ್ತರ ಹೇಳಲಿ ಎಂದು ಬಿಟ್ಟುಬಿಡುವುದು. ಸಾವಿನ ದವಡೆಯಲ್ಲಿದ್ದ ಗೃಹಸ್ಥನೊಬ್ಬ ಎರಡು ಬಗೆಯ ನಿವೇದನೆಗಳನ್ನು ಹೀಗೆ ಬೇರೆಬೇರೆಯಾಗಿ ಇರಿಸಿಕೊಂಡ. ಆಗಸ್ಟ್ ತಿಂಗಳಲ್ಲಿ ಅವನನ್ನು ಕೊಂದು ಸುಟ್ಟರು.

ಕನ್ನಡದಲ್ಲಿ ಈ ಎರಡಕ್ಕೂ ಬೇರೆಬೇರೆ ಶಬ್ದಗಳಿವೆ. ಅಪರಾಧಿ ಅಧಿಕಾರಿಯ ಮುಂದೆ ಹೇಳುವುದು ತಪ್ಪೊಪ್ಪಿಗೆ. ಕ್ಯಾಥೊಲಿಕ್ ಶ್ರದ್ಧಾವಂತನು ಗುರುವಿನ ಕಿವಿಯಲ್ಲಿ ಹೇಳುವುದು ಪಾಪನಿವೇದನೆ. ಮೊದಲನೆಯದರ ಫಲ ದಂಡನೆ, ಎರಡನೆಯದರ ಫಲ ಕ್ಷಮೆ. ಲ್ಯಾಟಿನ್ನಿನಲ್ಲಿ ಎರಡಕ್ಕೂ ಇರುವುದು ‘ಕನ್ಫೆಸ್ಸಿಯೋ’ ಎಂಬ ಒಂದೇ ಪದ. ಸೆರೆಮನೆಗೆ ಹೋಗುತ್ತಿದ್ದ ಕ್ಯಾಥೊಲಿಕ್ ಗುರುವಿನ ಸಂಕಟವೆಲ್ಲ ಈ ಒಂದು ಪದದೊಳಗೆ ಅಡಗಿದೆ ಎಂದರೆ ಅತಿಶಯವಾಗದು. ಆ ಸಂಕಟವನ್ನು ಕೊನೆಯವರೆಗೂ ಅನುಭವಿಸಿ ಅದಕ್ಕೊಂದು ಗ್ರಂಥರೂಪವನ್ನು ಕೊಟ್ಟವನು ಯೇಸುಸಭೆಯ ಗುರುವೂ ಜರ್ಮನ್ ಕವಿಯೂ ಆದ ಫ್ರೀಡ್ರಿಕ್ ಸ್ಪೇ.

ಎರಡು ನಿವೇದನೆಗಳಿಗೂ ತೌರು ಒಂದೇ ಎಂಬುದು ಇತಿಹಾಸದ ವಿಚಿತ್ರಗಳಲ್ಲೊಂದು. 1215ರಲ್ಲಿ ರೋಮಿನ ಲ್ಯಾಟರನ್ ಅರಮನೆಯಲ್ಲಿ ಸೇರಿದ ನಾಲ್ಕನೆಯ ಮಹಾಸಭೆಯು, ಪ್ರಾಯಕ್ಕೆ ಬಂದ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಗುರುವಿನ ಬಳಿ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಕೇಳಿದ್ದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೊರಗೆಡಹಿದ ಗುರುವನ್ನು ಪದಚ್ಯುತಗೊಳಿಸಿ, ಬದುಕಿರುವಷ್ಟು ಕಾಲವೂ ಕಠಿಣ ನಿಯಮದ ಮಠದಲ್ಲಿ ಪ್ರಾಯಶ್ಚಿತ್ತಕ್ಕೆ ಇರಿಸಬೇಕೆಂದೂ ಹೇಳಿತು. ‘ನಿವೇದನೆಯ ಮುದ್ರೆ’ ಎಂದು ಕರೆಯುವ ಗೋಪ್ಯತೆಯ ವ್ರತಕ್ಕೆ ಹೀಗೆ ಶಾಸನಬಲ ಬಂದಿತು. ಅದೇ ಸಭೆ ಇನ್ನೊಂದು ವಿಧಿಯಿಂದ, ಕಾದ ಕಬ್ಬಿಣ ಹಿಡಿಸುವ, ನೀರಿನಲ್ಲಿ ಮುಳುಗಿಸುವ ದೈವಪರೀಕ್ಷೆಗಳಲ್ಲಿ ಗುರುಗಳು ಭಾಗವಹಿಸಬಾರದೆಂದು ನಿಷೇಧಿಸಿತು. ನಮ್ಮ ಧರ್ಮಶಾಸ್ತ್ರಗಳಲ್ಲಿಯೂ ಶಾಸನಗಳಲ್ಲಿಯೂ ಬರುವ ‘ದಿವ್ಯ’ವನ್ನು ಬಲ್ಲ ಓದುಗರಿಗೆ ಅದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಗುರುವಿನ ಮಂತ್ರವಿಲ್ಲದೆ ದಿವ್ಯಕ್ಕೆ ಬೆಲೆಯಿಲ್ಲ. ದಿವ್ಯವಿಲ್ಲದೆ ನ್ಯಾಯಾಲಯಕ್ಕೆ ನಿಶ್ಚಯವಿಲ್ಲ. ಆ ತೆರವನ್ನು ತುಂಬಲು ನ್ಯಾಯಶಾಸ್ತ್ರಜ್ಞರು ಅಪರಾಧಿಯ ಒಪ್ಪಿಗೆಯನ್ನು ‘ಪ್ರಮಾಣಗಳ ರಾಣಿ’ಯ ಪಟ್ಟಕ್ಕೇರಿಸಿದರು. ಒಪ್ಪಿಗೆ ತಾನಾಗಿ ಬಾರದಿದ್ದಾಗ ಅದನ್ನು ಹೊರಡಿಸಲು ಚಿತ್ರಹಿಂಸೆ ಬಂದಿತು. 1252ರಲ್ಲಿ ಪೋಪ್ ನಾಲ್ಕನೆಯ ಇನ್ನೊಸೆಂಟನು ಪಾಷಂಡಿಗಳ ವಿಚಾರಣೆಯಲ್ಲಿ ಅದಕ್ಕೆ ಅನುಮತಿ ನೀಡಿದ. ಆತ್ಮದ ಬಿಡುಗಡೆಗಾಗಿ ಬಾಯಿ ತೆರೆಯಿಸುವ ಸಂಸ್ಕಾರವೂ ದೇಹದ ದಂಡನೆಗಾಗಿ ಬಾಯಿ ತೆರೆಯಿಸುವ ಯಂತ್ರವೂ ಒಂದೇ ಶತಮಾನದಲ್ಲಿ ಜೊತೆಜೊತೆಯಾಗಿ ಬೆಳೆದವು.

ಸೆರೆಯಲ್ಲಿರುವವರನ್ನು ಕಾಣಹೋಗುವುದು ಕ್ರೈಸ್ತಧರ್ಮದಲ್ಲಿ ಹಳೆಯ ಕರ್ತವ್ಯ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ, ಹಸಿದವರಿಗೆ ಉಣಿಸುವುದು, ಬತ್ತಲಿರುವವರಿಗೆ ಉಡಿಸುವುದು ಮೊದಲಾದವುಗಳ ಸಾಲಿನಲ್ಲಿ ಅದೂ ಬರುತ್ತದೆ. ಆದರೆ ಮರಣದಂಡನೆಗೆ ಗುರಿಯಾದವನಿಗೆ ಪಾಪನಿವೇದನೆಯ ಅವಕಾಶ ಎಲ್ಲೆಡೆ ತಾನಾಗಿ ದೊರೆತಿರಲಿಲ್ಲ. ಬೇಡಿದವನಿಗೆ ಅದನ್ನು ನಿರಾಕರಿಸಬಾರದೆಂದು 1311–12ರ ವಿಯೆನ್ನ್ ಮಹಾಸಭೆ ಹೇಳಬೇಕಾಯಿತು. ಫ್ರಾನ್ಸಿನ ಅರಸರು ಅದನ್ನು ಒಪ್ಪಿದ್ದು 1397ರಲ್ಲಿ.

ಇಟಲಿಯ ನಗರಗಳಲ್ಲಿ ಈ ಸೇವೆ ಗೃಹಸ್ಥರ ಕೈಗೆ ಬಂದಿತ್ತು. ರೋಮಿನಲ್ಲಿ ನೆಲೆಸಿದ್ದ ಫ್ಲಾರೆನ್ಸ್ ನಗರದವರು 1488ರಲ್ಲಿ ಕಟ್ಟಿದ ‘ಸಾನ್ ಜೊವಾನ್ನಿ ದೆಕೊಲ್ಲಾತೊ’ ಭ್ರಾತೃಸಂಘ, ಎಂದರೆ ಶಿರಚ್ಛೇದಕ್ಕೊಳಗಾದ ಸಂತ ಯೊವಾನ್ನನ ಹೆಸರಿನ ಸಂಘ, ಇವುಗಳಲ್ಲಿ ಪ್ರಸಿದ್ಧವಾದುದು. ಮೈಕೆಲಾಂಜೆಲೊ ಅದರ ಸದಸ್ಯನಾಗಿದ್ದ. ಕರಿಯ ನಿಲುವಂಗಿ ತೊಟ್ಟ ಈ ಸಂಘದವರು ದಂಡನೆಯ ಹಿಂದಿನ ರಾತ್ರಿಯೆಲ್ಲ ಸೆರೆಯಾಳಿನೊಡನೆ ಕುಳಿತು ಪ್ರಾರ್ಥಿಸುತ್ತಿದ್ದರು. ಬೆಳಗ್ಗೆ ವಧಸ್ಥಾನದ ದಾರಿಯುದ್ದಕ್ಕೂ, ಕ್ರಿಸ್ತನ ಯಾತನೆಯ ಚಿತ್ರವಿದ್ದ ಹಿಡಿಕೆಯ ಹಲಗೆಯೊಂದನ್ನು ಅವನ ಮುಖಕ್ಕೆ ಅಡ್ಡವಾಗಿ ಹಿಡಿದು ನಡೆಯುತ್ತಿದ್ದರು. ಅವನ ಕಣ್ಣಿಗೆ ನೆರೆದ ಜನವೂ ನೇಣುಗಂಬವೂ ಬೀಳಬಾರದು, ಆ ಚಿತ್ರವೊಂದೇ ಕಾಣಬೇಕು ಎಂಬುದು ಉದ್ದೇಶ. ವರ್ಷಕ್ಕೊಬ್ಬ ಮರಣದಂಡಿತನನ್ನು ಬಿಡಿಸಿಕೊಳ್ಳುವ ಹಕ್ಕೂ ಮುಂದೆ ಸಂಘಕ್ಕೆ ದೊರೆಯಿತು. 1600ರ ಫೆಬ್ರುವರಿಯಲ್ಲಿ ಜೊರ್ದಾನೊ ಬ್ರೂನೊನ ಕೊನೆಯ ರಾತ್ರಿಯನ್ನು ಕುರಿತು ಇಂದು ತಿಳಿದಿರುವುದರಲ್ಲಿ ಬಹುಪಾಲು ಈ ಸಂಘದ ದಫ್ತರದಿಂದ ಬಂದದ್ದು. ಸಾಂತ್ವನ ಹೇಳಹೋದವರು ಅವನ ಹಟವನ್ನು ದಾಖಲಿಸಿ ಹಿಂದಿರುಗಿದರು.

ಆ ಚಿತ್ರದ ಹಲಗೆಯ ಕಾರುಣ್ಯ ದೊಡ್ಡದು. ಅದರ ಮಿತಿಯೂ ಅಲ್ಲಿಯೇ ಇದೆ. ಅದು ಸಾಯುವವನ ಕಣ್ಣಿಗೆ ವಧಸ್ಥಾನವನ್ನು ಮರೆಮಾಡುತ್ತದೆ, ಹಿಡಿದವನ ಕಣ್ಣಿಗೂ ನ್ಯಾಯಾಲಯವನ್ನು ಮರೆಮಾಡುತ್ತದೆ. ತೀರ್ಪು ಸರಿಯೇ ತಪ್ಪೇ ಎಂಬುದು ಸಾಂತ್ವನಕಾರನ ಪ್ರಶ್ನೆಯಲ್ಲ. ಸಾವನ್ನು ಸಮಾಧಾನದಿಂದ ಸ್ವೀಕರಿಸುವಂತೆ ಸಿದ್ಧಪಡಿಸುವುದಷ್ಟೇ ಅವನ ಕೆಲಸ. ಪಶ್ಚಾತ್ತಾಪದಿಂದ ಸಾಯುವ ಅಪರಾಧಿ ಪ್ರಭುತ್ವಕ್ಕೂ ಬೇಕಾದವನೇ. ನೆರೆದ ಜನರ ಮುಂದೆ ಅವನ ಕಣ್ಣೀರು ತೀರ್ಪಿಗೆ ಒತ್ತುವ ಎರಡನೆಯ ಮೊಹರು. 1627ರಲ್ಲಿ ಬಾಂಬೆರ್ಗಿನ ಬಿಷಪ್ ಯೊಹಾನ್ ಗೇಯೊರ್ಗ್ ಫುಕ್ಸ್ ಫಾನ್ ಡೋರ್ನ್‌ಹೈಮ್ ಮಾಟಗಾರರಿಗೆಂದೇ ಕಟ್ಟಿಸಿದ ಹೊಸ ಸೆರೆಮನೆಯಲ್ಲಿ ಯಾತನಾಗೃಹದೊಡನೆ ಪ್ರಾರ್ಥನಾಲಯವೂ ಇತ್ತು.

ಇಂಥ ಸೆರೆಮನೆಗಳಿಗೆ ಗುರುವಾಗಿ ಹೋದ ಫ್ರೀಡ್ರಿಕ್ ಸ್ಪೇ ಹುಟ್ಟಿದ್ದು 1591ರ ಫೆಬ್ರುವರಿ 25ರಂದು, ರೈನ್ ನದಿಯ ದಡದ ಕೈಸರ್ಸ್‌ವೆರ್ಟ್‌ನಲ್ಲಿ. ಕೊಲೋನ್ ನಗರದಲ್ಲಿ ಓದಿ, 1610ರಲ್ಲಿ ಯೇಸುಸಭೆಯನ್ನು ಸೇರಿದ. ಭಾರತದೊಡನೆ ಅವನಿಗೊಂದು ತೆಳುವಾದ ನಂಟಿದೆ. 1617ರಲ್ಲಿ ಅವನು ಸಭೆಯ ಮಹಾಧಿಪತಿ ಮೂಸಿಯೊ ವಿತೆಲ್ಲೆಸ್ಕಿಗೆ ಪತ್ರ ಬರೆದು, ಫ್ರಾನ್ಸಿಸ್ ಝೇವಿಯರನ ದಾರಿಯಲ್ಲಿ ತನ್ನನ್ನು ಭಾರತಕ್ಕೆ ಕಳುಹಿಸಬೇಕೆಂದು ಬೇಡಿಕೊಂಡ. ಬೇಡಿಕೆ ಫಲಿಸಲಿಲ್ಲ. ಜರ್ಮನಿಯಲ್ಲಿಯೇ ಬೇಕಾದಷ್ಟು ಕೆಲಸವಿದೆಯೆಂಬುದು ರೋಮಿನ ಎಣಿಕೆಯಾಗಿತ್ತು. ಆ ಕೆಲಸ ಯಾವುದಾದೀತು ಎಂಬುದನ್ನು ಇಬ್ಬರೂ ಆಗ ಊಹಿಸಿರಲಾರರು.

1622ರಲ್ಲಿ ಗುರುದೀಕ್ಷೆ ಪಡೆದ ಸ್ಪೇ ಪಾಡೆರ್‌ಬೋರ್ನ್, ಸ್ಪೆಯರ್, ಕೊಲೋನ್ ನಗರಗಳಲ್ಲಿ ವಾಸಿಸಿದ, ಬೋಧಿಸಿದ. 1628ರಲ್ಲಿ ಪೈನೆ ಎಂಬ ಪ್ರಾಟೆಸ್ಟಂಟ್ ಪ್ರದೇಶವನ್ನು ಕ್ಯಾಥೊಲಿಕ್ ಮತಕ್ಕೆ ಮರಳಿಸುವ ಕಾರ್ಯಕ್ಕೆ ಅವನನ್ನು ನಿಯೋಜಿಸಿದರು. ಪ್ರಭುತ್ವದ ಒತ್ತಾಯವನ್ನು ಬೆನ್ನಿಗಿಟ್ಟುಕೊಂಡ ಕಾರ್ಯವದು. ಮುಂದೆ ಬಲವಂತದ ಒಪ್ಪಿಗೆಯನ್ನು ಅಷ್ಟು ತೀಕ್ಷ್ಣವಾಗಿ ಖಂಡಿಸಿದವನ ಬಾಳಿನಲ್ಲಿ ಈ ಅಧ್ಯಾಯವೂ ಉಂಟೆಂಬುದನ್ನು ಅವನ ಅಭಿಮಾನಿಗಳು ಮರೆಸಬಾರದು. 1629ರ ಏಪ್ರಿಲ್ 29ರಂದು ಪೂಜೆ ಸಲ್ಲಿಸಲು ವೋಲ್ಟೋರ್ಫ್ ಎಂಬ ಹಳ್ಳಿಗೆ ಕುದುರೆಯ ಮೇಲೆ ಹೋಗುತ್ತಿದ್ದಾಗ ಒಬ್ಬ ಅವನ ಮೇಲೆರಗಿ ತಲೆಗೆ ಬಲವಾದ ಗಾಯ ಮಾಡಿದ. ಚೇತರಿಸಿಕೊಂಡು ಪಾಡೆರ್‌ಬೋರ್ನಿಗೆ ಮರಳಿ ನೀತಿಶಾಸ್ತ್ರದ ಅಧ್ಯಾಪಕನಾದ. ಈ ಗುರುಕುಲದ ಬೋಧನೆಯ ವಿಷಯವೇ ಪಾಪನಿವೇದನೆ ಕೇಳುವ ಗುರುಗಳಿಗೆ ಬೇಕಾದ ಧರ್ಮಸೂಕ್ಷ್ಮಗಳ ವಿವೇಚನೆ.

1631ರ ವಸಂತದಲ್ಲಿ ರಿಂಟೆಲ್ನ್ ಎಂಬ ಚಿಕ್ಕ ವಿಶ್ವವಿದ್ಯಾನಗರದಿಂದ ಲ್ಯಾಟಿನ್ ಗ್ರಂಥವೊಂದು ಹೊರಬಂದಿತು. ಹೆಸರು ‘ಕೌಟ್ಸಿಯೋ ಕ್ರಿಮಿನಾಲಿಸ್’. ಅಪರಾಧ ವಿಚಾರಣೆಯಲ್ಲಿ ವಹಿಸಬೇಕಾದ ಎಚ್ಚರಿಕೆ ಎಂದು ಅರ್ಥ. ಮುಖಪುಟದಲ್ಲಿ ಕರ್ತೃವಿನ ಹೆಸರಿರಲಿಲ್ಲ, ‘ರೋಮನ್ ಮತದ ಅಜ್ಞಾತ ದೇವಶಾಸ್ತ್ರಜ್ಞ’ ಎಂದಷ್ಟೇ ಇತ್ತು. ರಿಂಟೆಲ್ನ್ ಪ್ರಾಟೆಸ್ಟಂಟರ ಊರು. ಮಾಟಗಾತಿಯರ ವಿಚಾರಣೆಯನ್ನು ನಡೆಸುವ ಕ್ರಮವನ್ನು ಹೇಳಿಕೊಡುವ ಗೇಹಾಸೆನ್ನನ ಕೈಪಿಡಿಯೂ ಹಿಂದಿನ ವರ್ಷ ಅಲ್ಲಿಂದಲೇ ಪ್ರಕಟವಾಗಿತ್ತು. ಯೇಸುಸಭೆಯ ನಿಯಮದಂತೆ ಗ್ರಂಥ ಅಚ್ಚಾಗುವ ಮೊದಲು ಹಿರಿಯರ ಪರಿಶೀಲನೆಗೆ ಒಳಗಾಗಬೇಕು. ಈ ಗ್ರಂಥ ಆಗಿರಲಿಲ್ಲ. ಹಸ್ತಪ್ರತಿಯನ್ನು ಮಿತ್ರರು ಕರ್ತೃವಿಗೆ ತಿಳಿಯದಂತೆ ಮುದ್ರಿಸಿದರೆಂಬ ವಿವರಣೆಯನ್ನು ನಂಬಿದವರು ಕಡಿಮೆ.

ಗ್ರಂಥವನ್ನು ಐವತ್ತೊಂದು ಸಂದೇಹಗಳಾಗಿ ವಿಂಗಡಿಸಲಾಗಿದೆ. ಪ್ರಶ್ನೆಯನ್ನೆತ್ತಿ ಉತ್ತರಿಸುತ್ತ ಹೋಗುವ ಈ ಕ್ರಮ ಮಠಗಳ ವಿದ್ಯಾಭ್ಯಾಸದಿಂದ ಬಂದ ಶಾಸ್ತ್ರಪದ್ಧತಿ. ಮೊದಲ ಸಂದೇಹ, ಮಾಟಗಾತಿಯರು ನಿಜವಾಗಿ ಇದ್ದಾರೆಯೇ ಎಂಬುದು. ಇದ್ದಾರೆ ಎಂದೇ ಉತ್ತರ. ಇದು ಅವನ ನಂಬಿಕೆಯೋ, ಪಾಷಂಡಿಯೆಂಬ ಆಪಾದನೆಯನ್ನು ತಪ್ಪಿಸಿಕೊಳ್ಳುವ ಜಾಣತನವೋ ಎಂದು ವಿದ್ವಾಂಸರಲ್ಲಿ ಚರ್ಚೆಯಿದೆ. ಆ ಉತ್ತರದಿಂದ ವಾದದ ಬಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. 1592ರಲ್ಲಿ ಕಾರ್ನೇಲಿಯುಸ್ ಲೋಸ್ ಎಂಬ ಗುರು ಮಾಟದ ಕಥೆಗಳನ್ನೇ ಅಲ್ಲಗಳೆಯಹೋಗಿ ತನ್ನ ಮಾತನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳಬೇಕಾಗಿತ್ತು. ಸ್ಪೇ ಸಿದ್ಧಾಂತಕ್ಕೆ ಕೈಹಾಕದೆ ವಿಧಾನವನ್ನು ಹಿಡಿದ. ಮಾಟಗಾತಿಯರು ಇರಲಿ, ಈಗ ಸುಡುತ್ತಿರುವವರು ಅವರೇ ಎಂದು ತಿಳಿದದ್ದು ಹೇಗೆ?

ಯಾತನೆಯಿಂದ ಒಪ್ಪಿಗೆ, ಒಪ್ಪಿಗೆಯಲ್ಲಿ ಇನ್ನಷ್ಟು ಹೆಸರುಗಳು, ಆ ಹೆಸರಿನವರಿಗೆ ಮತ್ತೆ ಯಾತನೆ: ಈ ಸರಪಣಿಗೆ ತುದಿಯೆಂಬುದಿಲ್ಲ ಎಂಬುದನ್ನು ಅವನು ತೋರಿಸಿದ. ಮಠಾಧಿಪತಿಗಳನ್ನೂ ನ್ಯಾಯಾಧೀಶರನ್ನೂ ಅದೇ ಯಾತನೆಗೆ ಒಡ್ಡಿದರೆ ಅವರೂ ಮಾಟಗಾರರೆಂದೇ ಸಾಬೀತಾಗುತ್ತಾರೆ. ಉಳಿದವರೆಲ್ಲ ನಿರ್ದೋಷಿಗಳಾಗಿ ಓಡಾಡುತ್ತಿರುವುದು ಅವರಿಗಿನ್ನೂ ಆ ಸರದಿ ಬಾರದ ಕಾರಣದಿಂದ ಎಂಬುದು ಅವನ ವಾದದ ತಿರುಳು. ನ್ಯಾಯಾಲಯದ ಭಾಷೆಯ ಮೋಸವನ್ನೂ ಅವನು ಬಯಲಿಗೆಳೆದ. ಕಾಲನ್ನು ಕಬ್ಬಿಣದ ಹಲ್ಲುಗಳ ನಡುವೆ ಇಟ್ಟು ಅದುಮಿದಾಗಲೇ ಒಪ್ಪಿಕೊಂಡವಳ ವಿಷಯದಲ್ಲಿ ‘ಯಾತನೆಯಿಲ್ಲದೆ ಒಪ್ಪಿಕೊಂಡಳು’ ಎಂದು ಬರೆದುಕೊಳ್ಳುತ್ತಿದ್ದರು; ಏಕೆಂದರೆ ಆ ಅದುಮುವಿಕೆ ಯಾತನೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 1532ರ ಸಾಮ್ರಾಜ್ಯದ ದಂಡಸಂಹಿತೆ ಯಾತನೆಗೆ ಮೊದಲು ಬಲವಾದ ಸುಳಿವುಗಳಿರಬೇಕೆಂದೂ ಒಪ್ಪಿಗೆಯನ್ನು ಯಾತನಾಗೃಹದ ಹೊರಗೆ ಮತ್ತೊಮ್ಮೆ ಕೇಳಬೇಕೆಂದೂ ವಿಧಿಸಿತ್ತು. ಮಾಟವು ‘ಅಸಾಮಾನ್ಯ ಅಪರಾಧ’, ಸಾಮಾನ್ಯ ನಿಯಮಗಳು ಅದಕ್ಕೆ ಸಲ್ಲವು ಎಂಬ ತರ್ಕದಿಂದ ಆ ರಕ್ಷಣೆಯೂ ಸವೆದುಹೋಗಿತ್ತು. ಅರಸರು ಹೊಣೆಯನ್ನು ಅಧಿಕಾರಿಗಳ ತಲೆಗೆ ಕಟ್ಟುತ್ತಾರೆ, ಅಧಿಕಾರಿಗಳು ಅದು ಅರಸರ ಅಂತಃಸಾಕ್ಷಿಗೆ ಬಿಟ್ಟದ್ದೆನ್ನುತ್ತಾರೆ ಎಂದು ಸ್ಪೇ ವ್ಯಂಗ್ಯವಾಡುತ್ತಾನೆ. ತಲೆಗಿಷ್ಟೆಂದು ಸಂಭಾವನೆ ಪಡೆಯುವ ವಿಚಾರಣಾಧಿಕಾರಿಗಳ ಪ್ರಸ್ತಾಪವೂ ಬರುತ್ತದೆ.

ಆದರೆ ಈ ಗ್ರಂಥವನ್ನು ಕಾನೂನಿನ ಟೀಕೆಯೆಂದಷ್ಟೇ ಓದುವುದು ಸಾಲದು. ಸೆರೆಮನೆಗೆ ಬರುವ ಗುರುಗಳು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಅದರಲ್ಲಿ ಒಂದು ದೀರ್ಘ ಭಾಗವೇ ಮೀಸಲಾಗಿದೆ. ಅಲ್ಲಿ ಸ್ಪೇ ತನ್ನ ವರ್ಗದವರನ್ನೇ ಕಟಕಟೆಗೆ ಕರೆತರುತ್ತಾನೆ. ಕೆಲವು ಗುರುಗಳು ನ್ಯಾಯಾಧೀಶನ ಸಹಾಯಕರಂತೆ ವರ್ತಿಸುತ್ತಿದ್ದರು. ಯಾತನಾಗೃಹದಲ್ಲಿ ಹೇಳಿದ್ದನ್ನೇ ತಮ್ಮ ಮುಂದೆಯೂ ಹೇಳಿದರೆ ಮಾತ್ರ ಪಾಪಕ್ಷಮೆ ಎಂದು ಹಟ ಹಿಡಿಯುತ್ತಿದ್ದರು. ತಾನು ನಿರಪರಾಧಿಯೆಂದವಳನ್ನು ಮೊಂಡಳೆಂದು ಗದರಿಸಿ, ಸಂಸ್ಕಾರಗಳಿಲ್ಲದೆ ಸಾಯಬೇಕಾದೀತೆಂದು ಹೆದರಿಸುತ್ತಿದ್ದರು. ಇದರ ಪರಿಣಾಮ ಭಯಂಕರವಾದದ್ದು. ಯಾತನೆಯಲ್ಲಿ ತನ್ನ ಮೇಲೆಯೂ ಇತರರ ಮೇಲೆಯೂ ಸುಳ್ಳು ಹೇಳಿದ ಹೆಣ್ಣಿಗೆ, ಆ ಸುಳ್ಳೇ ಮಹಾಪಾಪವಾಗಿ ತನ್ನನ್ನು ನರಕಕ್ಕೆ ತಳ್ಳೀತೆಂಬ ದಿಗಿಲು. ಅದನ್ನು ಹಿಂತೆಗೆದುಕೊಂಡರೆ ಮತ್ತೆ ಯಾತನೆ. ಗುರುವಿನ ಬಳಿ ಸತ್ಯ ಹೇಳೋಣವೆಂದರೆ ಅವನು ನಂಬುವುದಿಲ್ಲ. ಅವನನ್ನು ಮೆಚ್ಚಿಸಲು ಅಲ್ಲಿಯೂ ಸುಳ್ಳು ಹೇಳಿದರೆ ಸಂಸ್ಕಾರವೇ ಮಲಿನವಾಗುತ್ತದೆ. ಸುಳ್ಳು ಹೇಳಿ ಸಾಯುವ ತಮಗೆ ಮೋಕ್ಷ ಉಂಟೇ ಎಂದು ಕೇಳುವ ಸೆರೆಯಾಳುಗಳು ಈ ಗ್ರಂಥದಲ್ಲಿದ್ದಾರೆ. ಉಪದೇಶ ಸರಳವಾಗಿದೆ: ಗುರು ನ್ಯಾಯಾಲಯದ ಆಳಲ್ಲ, ಸೆರೆಯಾಳಿನ ಮಾತನ್ನು ನಂಬುವ ಮನಸ್ಸಿನಿಂದ, ತಂದೆಯಂತೆ ಮೃದುವಾಗಿ ಕೇಳಬೇಕು, ಕೇಳಿದ್ದನ್ನು ಯಾರಿಗೂ ಹೇಳಬಾರದು.

ಈ ಕೊನೆಯ ವಿಧಿಯಿಂದಲೇ ಸ್ಪೇಯ ಸಂಕಟ ಹುಟ್ಟುವುದು. ನಿವೇದನೆಯಲ್ಲಿ ಕೇಳಿದ ಸತ್ಯ ಸೆರೆಯಾಳನ್ನು ಉಳಿಸಬಲ್ಲ ಸತ್ಯ. ಅದನ್ನು ಹೊರಗೆ ಹೇಳಿದರೆ ಮುದ್ರೆ ಒಡೆಯುತ್ತದೆ. ಮುದ್ರೆ ಒಡೆಯುವ ಗುರುವಿನ ಬಳಿ ಮುಂದೆ ಯಾವ ಸೆರೆಯಾಳೂ ಬಾಯಿ ತೆರೆಯಲಾರ. ಹೇಳದಿದ್ದರೆ ಚಿತೆ ಉರಿಯುತ್ತದೆ. ಗ್ರಂಥದ ಸಾಹಿತ್ಯರೂಪ ಈ ಇಕ್ಕಟ್ಟಿನಿಂದ ರೂಪುಗೊಂಡದ್ದೆಂದು ತಿಳಿಯಲು ಬಲವಾದ ಆಧಾರಗಳು ಅದರೊಳಗೇ ಇವೆ. ಅಲ್ಲಿ ಒಂದು ಊರಿನ ಪ್ರಕರಣವಿಲ್ಲ, ಒಬ್ಬ ಸೆರೆಯಾಳಿನ ನಿಜನಾಮವಿಲ್ಲ. ಲೇಖಕ ತಾನು ಕಂಡದ್ದನ್ನು ಬಹುಕಡೆ ತನಗೆ ಗೊತ್ತಿರುವ ಒಬ್ಬ ಗುರುವಿನ ಅನುಭವವೆಂಬಂತೆ ಹೇಳುತ್ತಾನೆ. ಆಪಾದಿತೆಗೆ ಒಂದು ಹೆಸರು ಬೇಕಾದಲ್ಲಿ ‘ಗಾಯಾ’ ಎನ್ನುತ್ತಾನೆ. ರೋಮನ್ ನ್ಯಾಯಶಾಸ್ತ್ರದ ಉದಾಹರಣೆಗಳಲ್ಲಿ ಬರುವ ಕಲ್ಪಿತ ನಾಮವದು. ನಮ್ಮ ತರ್ಕಗ್ರಂಥಗಳ ದೇವದತ್ತ, ಯಜ್ಞದತ್ತರಂತೆ. ಸಾಕ್ಷ್ಯ ನುಡಿಯಲಾರದವನು ವಾದವನ್ನು ಹೂಡಿದ. ಒಬ್ಬಳು ನಿರಪರಾಧಿ ಎಂದು ಹೇಳುವ ಅಧಿಕಾರವಿಲ್ಲದವನು, ಈ ವಿಧಾನದಲ್ಲಿ ಯಾರೂ ಅಪರಾಧಿಯಾಗದೆ ಉಳಿಯಲಾರರು ಎಂದು ಸಿದ್ಧಪಡಿಸಿದ.

ಕೊನೆಯ ಸಂದೇಹದಲ್ಲಿ ಗಾಯಾಳ ವಿಚಾರಣೆ ಮೊದಲಿನಿಂದ ಕಡೆಯವರೆಗೆ ನಡೆಯುತ್ತದೆ. ಅವಳ ಬಾಳು ಕೆಟ್ಟದ್ದಾಗಿದ್ದರೆ ಅದು ಮಾಟದ ಸುಳಿವು. ಒಳ್ಳೆಯದಾಗಿದ್ದರೆ, ಮಾಟಗಾತಿಯರು ಸಾಧ್ವಿಯರಂತೆ ನಟಿಸುವುದು ವಾಡಿಕೆಯೇ. ಹೆದರಿದರೆ ಒಳಗಿನ ಅಪರಾಧ ಹೆದರಿಸುತ್ತಿದೆ. ಹೆದರದಿದ್ದರೆ ಸೈತಾನನ ಬೆಂಬಲವಿದೆ. ಯಾತನೆಯಲ್ಲಿ ಒಪ್ಪಿಕೊಂಡರೆ ಮುಗಿಯಿತು. ಒಪ್ಪಿಕೊಳ್ಳದಿದ್ದರೆ ಮೌನದ ಮಾಟ ಮಾಡಿಕೊಂಡಿದ್ದಾಳೆ. ಸೆರೆಯಲ್ಲಿಯೇ ಸತ್ತರೆ ಸೈತಾನನು ಕತ್ತು ಮುರಿದಿದ್ದಾನೆ. ಒಂದೊಂದು ವಾಕ್ಯವೂ ಒಂದೊಂದು ಬಾಗಿಲನ್ನು ಮುಚ್ಚುತ್ತ ಹೋಗುತ್ತದೆ. ಶಾಸ್ತ್ರದ ಗದ್ಯ ಇಲ್ಲಿ ಬದಲಾಗುವುದನ್ನು ಲ್ಯಾಟಿನ್ ಅರಿಯದ ಓದುಗನೂ ಅನುವಾದದಲ್ಲಿ ಗುರುತಿಸಬಲ್ಲ. ಮೊದಲಿನ ತಾಳ್ಮೆ ಸಿಟ್ಟಾಗುತ್ತದೆ, ಸಿಟ್ಟು ಕಹಿ ನಗೆಯಾಗುತ್ತದೆ.

ಮುದ್ರೆಯ ಅಂಚಿನವರೆಗೆ ಸ್ಪೇ ಹೋಗುವ ಸ್ಥಳ ಒಂದಿದೆ. ತಾನು ಚಿತೆಯವರೆಗೆ ಜೊತೆಗೂಡಿ ನಡೆದ ಹೆಂಗಸರಲ್ಲಿ, ಎಲ್ಲವನ್ನೂ ತೂಗಿ ನೋಡಿದ ಮೇಲೆ, ಅಪರಾಧಿಯೆಂದು ವಿವೇಕದಿಂದ ಹೇಳಬಹುದಾದವಳು ಒಬ್ಬಳೂ ಇರಲಿಲ್ಲವೆಂದು ಅವನು ಆಣೆಯಿಟ್ಟು ಹೇಳುತ್ತಾನೆ. ಯಾರೊಬ್ಬಳ ನಿವೇದನೆಯೂ ಅಲ್ಲಿ ಹೊರಬಿದ್ದಿಲ್ಲ. ಹೇಳಬೇಕಾದದ್ದೆಲ್ಲ ಹೇಳಿಯೂ ಆಗಿದೆ.

ಹಾಗಾದರೆ ಅವನು ಯಾವ ಊರಿನ ಸೆರೆಮನೆಗಳಿಗೆ ಹೋಗಿದ್ದ? ವ್ಯೂರ್ಟ್ಸ್‌ಬುರ್ಗಿನಲ್ಲಿ ಎಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ತತ್ತ್ವಜ್ಞಾನಿ ಲೈಬ್ನಿಟ್ಸ್ 1710ರ ತನ್ನ ‘ಥಿಯೊಡಿಸಿ’ ಗ್ರಂಥದಲ್ಲಿ ಅದನ್ನು ಹೇಳಿದ್ದಾನೆ. ಮುಂದೆ ಮೈನ್ಸಿನ ಆರ್ಚ್‌ಬಿಷಪ್ಪನಾದ ಯೊಹಾನ್ ಫಿಲಿಪ್ ಫಾನ್ ಷೋನ್‌ಬೋರ್ನ್ ತರುಣನಾಗಿದ್ದಾಗ, ಇಷ್ಟು ಬೇಗ ತಲೆ ನರೆತದ್ದೇಕೆಂದು ಸ್ಪೇಯನ್ನು ಕೇಳಿದನಂತೆ. ಚಿತೆಗೆ ಕರೆದೊಯ್ದ ಹೆಂಗಸರಿಂದ ಎಂದು ಸ್ಪೇ ಉತ್ತರಿಸಿದನಂತೆ. ಅಜ್ಞಾತ ಕರ್ತೃವಿನ ಹೆಸರು ವಿದ್ವತ್ ಲೋಕಕ್ಕೆ ಸ್ಪಷ್ಟವಾಗಿ ತಿಳಿದದ್ದು ಲೈಬ್ನಿಟ್ಸನಿಂದಲೇ. ಷೋನ್‌ಬೋರ್ನನ ಬಾಯಿಂದ ತಾನೇ ಕೇಳಿದ್ದೆಂದು ಅವನು ಹೇಳುವುದರಿಂದ ಕಥೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ವ್ಯೂರ್ಟ್ಸ್‌ಬುರ್ಗಿನಲ್ಲಿ ಬಿಷಪ್ ಫಿಲಿಪ್ ಆಡೋಲ್ಫ್ ಫಾನ್ ಏರೆನ್‌ಬೆರ್ಗನ ಆಳ್ವಿಕೆಯಲ್ಲಿ ಸುಮಾರು 900 ಜನ ಬಲಿಯಾದ ಕಾಲದ ತೀವ್ರ ವರ್ಷಗಳಲ್ಲಿ ಸ್ಪೇ ಅಲ್ಲಿರಲಿಲ್ಲ. ಅವನು ಅಲ್ಲಿದ್ದುದು 1612ರಿಂದ 1615ರವರೆಗೆ, ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿ. ಅವನ ಅನುಭವದ ನೆಲೆಯನ್ನು ಪಾಡೆರ್‌ಬೋರ್ನ್, ಕೊಲೋನ್‌ಗಳ ಸುತ್ತ ಹುಡುಕುವುದು ಹೆಚ್ಚು ಯುಕ್ತ. ಆ ಎರಡೂ ಧರ್ಮಪ್ರಾಂತಗಳ ಒಡೆಯನಾಗಿದ್ದ ಬವೇರಿಯಾದ ಫರ್ಡಿನಾಂಡ್ ಮಾಟಗಾತಿಯರ ಬೇಟೆಯಲ್ಲಿ ಯಾರಿಗೂ ಹಿಂದೆ ಬಿದ್ದವನಲ್ಲ. ಸ್ಪೇ ಊರಿನ ಹೆಸರನ್ನು ಮರೆಮಾಡಿದ್ದು ಸೆರೆಯಾಳುಗಳ ಗುಟ್ಟಿಗಾಗಿ. ಸಂಶೋಧಕರಿಗೆ ತೊಡಕಾದದ್ದೂ ಅದರಿಂದಲೇ.

ಅವನ ಸಭೆಯೊಳಗೆ ಪ್ರತಿಕ್ರಿಯೆ ಒಂದೇ ತೆರನಾಗಿರಲಿಲ್ಲ. ಮಾಟದ ವಿಷಯದಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುತ್ತಿದ್ದ ದೆಲ್ ರಿಯೊ ಯೇಸುಸಭೆಯವನೇ. ವಿಚಾರಣೆಯಲ್ಲಿ ಸಂಯಮ ಬೇಕೆಂದು ಸ್ಪೇಗಿಂತ ಮೊದಲೇ ಬರೆದ ಆದಾಮ್ ಟಾನ್ನರನೂ ಅದೇ ಸಭೆಯವನು. ಪಾಡೆರ್‌ಬೋರ್ನಿನ ಅಧ್ಯಾಪಕ ಪದವಿಯನ್ನು ಗ್ರಂಥ ಹೊರಬರುವ ಮೊದಲೇ, 1631ರ ಆರಂಭದಲ್ಲಿ, ಸ್ಪೇ ಕಳೆದುಕೊಂಡಿದ್ದ. 1632ರಲ್ಲಿ ಇನ್ನಷ್ಟು ತೀಕ್ಷ್ಣವಾದ ಎರಡನೆಯ ಆವೃತ್ತಿ ಬಂದಾಗ ಸಭೆಯೊಳಗಿನ ಅಸಮಾಧಾನ ಉಲ್ಬಣಿಸಿತು. ವಿತೆಲ್ಲೆಸ್ಕಿಯ ಸಲಹೆಯಲ್ಲಿ ಸಭೆಯನ್ನು ತಾನಾಗಿ ಬಿಡುವ ದಾರಿಯೂ ಇತ್ತು. ಸ್ಪೇ ಬಿಡಲಿಲ್ಲ; ಸಭೆಯೂ ಅವನನ್ನು ಹೊರಹಾಕಲಿಲ್ಲ, 1633ರಲ್ಲಿ ಟ್ರಿಯರ್ ನಗರಕ್ಕೆ ಕಳುಹಿಸಿತು.

ಈ ಗ್ರಂಥ ಚಿತೆಗಳನ್ನು ಆರಿಸಿತೆಂದು ಬರೆಯುವುದು ರೂಢಿ. ಅಷ್ಟು ನೇರವಾಗಿ ಹೇಳಲಾಗದು. ಬಾಂಬೆರ್ಗಿನ ಸೆರೆಮನೆ ಬರಿದಾದದ್ದು ಸಾಮ್ರಾಟನ ನ್ಯಾಯಸ್ಥಾನದ ಒತ್ತಡದಿಂದ ಮತ್ತು ಸ್ವೀಡನ್ನಿನ ಸೈನ್ಯ ಸಮೀಪಿಸಿದ್ದರಿಂದ. ಯೂರೋಪಿನಲ್ಲಿ ಮಾಟದ ಆರೋಪದ ಮೇಲೆ ಒಟ್ಟು 40,000ದಿಂದ 60,000 ಜನ ಹತರಾದರೆಂದು ಇತಿಹಾಸಕಾರರ ಅಂದಾಜು; ಅವರಲ್ಲಿ ಸ್ಪೇಯ ಅನಂತರ ಸತ್ತವರೂ ಬಹಳ. ಆದರೆ 1647ರಲ್ಲಿಯೂ 1649ರಲ್ಲಿಯೂ ಗ್ರಂಥ ಜರ್ಮನ್ ಭಾಷೆಗೆ ಬಂದಿತು. ಷೋನ್‌ಬೋರ್ನ್ ತನ್ನ ಸೀಮೆಯಲ್ಲಿ ಚಿತೆಗಳನ್ನು ನಿಲ್ಲಿಸಿದ. 1701ರಲ್ಲಿ ಪ್ರಾಟೆಸ್ಟಂಟ್ ನ್ಯಾಯವಿದ ಕ್ರಿಸ್ಟಿಯಾನ್ ಥೊಮಾಸಿಯುಸ್ ಮಾಟದ ಅಪರಾಧವನ್ನು ಕುರಿತು ಬರೆದಾಗ ಈ ಅಜ್ಞಾತ ಕ್ಯಾಥೊಲಿಕನ ವಾದಗಳನ್ನು ಆಧರಿಸಿದ.

ಟ್ರಿಯರಿನಲ್ಲಿ ಸ್ಪೇ ತನ್ನ ಕವಿತೆಗಳನ್ನು ತಿದ್ದಿ ಒಟ್ಟುಗೂಡಿಸುತ್ತಿದ್ದ. ‘ಟ್ರುಟ್ಸ್ ನಾಖ್ಟಿಗಾಲ್’ ಎಂಬ ಆ ಸಂಕಲನದ ಹೆಸರಿಗೆ ಕೋಗಿಲೆಗೆ ಸವಾಲು ಎಂಬಂಥ ಅರ್ಥ ಹೇಳಬಹುದು, ನಮ್ಮ ಕೋಗಿಲೆಯ ಸ್ಥಾನದಲ್ಲಿ ಅವರ ನೈಟಿಂಗೇಲ್ ಇದೆಯೆಂಬುದನ್ನು ಮರೆಯದಿದ್ದರೆ. ತೋಟ, ತೊರೆ, ಕುರಿಗಾಹಿಗಳ ಈ ಕೋಮಲ ಲೋಕಕ್ಕೂ ಸೆರೆಮನೆಯ ಗ್ರಂಥಕ್ಕೂ ಏನು ಸಂಬಂಧವೆಂದು ವಿಮರ್ಶಕರು ಬೆರಗಾಗಿದ್ದಾರೆ. ಗೆತ್ಸೆಮನೆಯ ತೋಟದಲ್ಲಿ ಬಂಧನಕ್ಕೆ ಕಾಯುತ್ತಿರುವ ಕ್ರಿಸ್ತನ ಏಕಾಂಗಿತನಕ್ಕೆ ಆ ಕವಿತೆಗಳು ಮತ್ತೆಮತ್ತೆ ಮರಳುವುದನ್ನು ಗಮನಿಸಿದರೆ ಅಂತರ ಅಷ್ಟು ದೊಡ್ಡದೆನಿಸದು. ಅವನ ಇನ್ನೊಂದು ಕೃತಿ ‘ಸುವರ್ಣ ಸದ್ಗುಣ ಗ್ರಂಥ’ ರಚಿತವಾದುದು ಗುರುವಿಗೂ ನಿವೇದನೆಗೆ ಬಂದ ಶಿಷ್ಯೆಗೂ ನಡೆಯುವ ಸಂವಾದವಾಗಿ. ಕೇಳುವ ಕಿವಿಯೇ ಅವನ ಗದ್ಯದ ಮೂಲವೆಂಬುದಕ್ಕೆ ಅದೂ ಒಂದು ನಿದರ್ಶನ. ಎರಡೂ ಅಚ್ಚಾದದ್ದು 1649ರಲ್ಲಿ, ಕೊಲೋನ್ ನಗರದಲ್ಲಿ.

ಅಷ್ಟರಲ್ಲಿ ಅವನು ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು. 1635ರ ಮಾರ್ಚಿಯಲ್ಲಿ ಸಾಮ್ರಾಟನ ಮತ್ತು ಸ್ಪೇನಿನ ಸೈನ್ಯಗಳು ಫ್ರೆಂಚರ ಕೈಯಲ್ಲಿದ್ದ ಟ್ರಿಯರನ್ನು ಮುತ್ತಿ ವಶಪಡಿಸಿಕೊಂಡವು. ಬೀದಿಯ ಕಾಳಗದ ನಡುವೆ ಸ್ಪೇ ಗಾಯಾಳುಗಳನ್ನು ಹೊತ್ತು ಸಾಗಿಸಿದ. ಸೆರೆಸಿಕ್ಕ ಫ್ರೆಂಚ್ ಸೈನಿಕರಿಗೆ ಅನ್ನ, ಬಟ್ಟೆ ಒದಗಿಸಿ, ಅವರು ಊರಿಗೆ ಮರಳುವಂತೆ ಅಧಿಕಾರಿಗಳಲ್ಲಿ ಬೇಡಿಕೊಂಡ. ಸೈನಿಕರು ತುಂಬಿದ್ದ ಆಸ್ಪತ್ರೆಗಳಲ್ಲಿಯೂ ಸೆರೆಮನೆಗಳಲ್ಲಿಯೂ ಸಾಂಕ್ರಾಮಿಕ ಜ್ವರ ಹಬ್ಬಿತು. ಅವರ ನಿವೇದನೆಗಳನ್ನು ಕೇಳುತ್ತ ಶುಶ್ರೂಷೆ ಮಾಡುತ್ತಿದ್ದ ಸ್ಪೇಗೆ ಅದು ತಗುಲಿತು. ಆಗಸ್ಟ್ 7ರಂದು, ನಲವತ್ತನಾಲ್ಕರ ಪ್ರಾಯದಲ್ಲಿ, ಅವನು ಮೃತನಾದ. ಸಭೆಯ ದೇವಾಲಯದ ನೆಲಮಾಳಿಗೆಯಲ್ಲಿ ಅವನನ್ನು ಹೂಳಿದರು. ಕಾಲಾಂತರದಲ್ಲಿ ಆ ಸ್ಥಳ ಜನರ ನೆನಪಿನಿಂದ ಅಳಿಸಿಹೋಯಿತು. ಸಮಾಧಿ ಮತ್ತೆ ಪತ್ತೆಯಾದದ್ದು 1980ರಲ್ಲಿ.